ಕಣ್ಗಾವಲು, ಪತ್ರಿಕೆ ಮತ್ತು ನಿರ್ಭೀತವಾಣಿ: ಒಂದು ಸಮೀಕ್ಷೆ

ಪ್ರಶ್ನೆಯ ಸ್ವರೂಪ

ಥಾಣೆಯಿಂದ ಕಲ್ಯಾಣದವರೆಗಿನ ರೈಲುದಾರಿಯ ಇಕ್ಕೆಲಗಳಲ್ಲಿಯೂ, ಖಾಡಿಯ ಆಚೆಗೆ ವಾಶಿಯಿಂದ ಪನವೇಲಿನವರೆಗೆ ಹಬ್ಬಿರುವ ನವಿಮುಂಬಯಿಯಲ್ಲಿಯೂ ನೆಲೆಸಿರುವ ಕನ್ನಡಿಗರು, ಕಳೆದ ಕೆಲವು ವರ್ಷಗಳಲ್ಲಿ ದೇಶದ ಒಂದು ಮಹಾವಿವಾದದ ಎರಡು ಕೊನೆಗಳನ್ನೂ ತಮ್ಮ ನೆರೆಯಲ್ಲಿಯೇ ಕಂಡವರು. ಪುಣೆಯ ಬಳಿಯ ಭೀಮಾ ಕೋರೆಗಾಂವದಲ್ಲಿ ದಲಿತರ ಮೇಲೆ ನಡೆದ ಹಿಂಸಾಚಾರವನ್ನು ಖಂಡಿಸಿ ದಲಿತ ನಾಯಕ ಪ್ರಕಾಶ ಅಂಬೇಡ್ಕರ್ ಅವರು ಕೊಟ್ಟ ಮಹಾರಾಷ್ಟ್ರ ಬಂದ್ ಕರೆಗೆ ಓಗೊಟ್ಟು, 2018ರ ಜನವರಿ 3ರಂದು ಪ್ರತಿಭಟನಕಾರರು ಥಾಣೆ, ಡೊಂಬಿವಲಿಗಳಲ್ಲಿ ಲೋಕಲ್ ಗಾಡಿಗಳನ್ನು ತಡೆದು ನಿಲ್ಲಿಸಿದ್ದು ಒಂದು ಕೊನೆ. ಆ ಹಿಂಸಾಚಾರದ ತನಿಖೆಯೆಂದು ಆರಂಭವಾಗಿ ಬೇರೊಂದೇ ಸ್ವರೂಪವನ್ನು ತಳೆದ ಎಲ್ಗಾರ್ ಪರಿಷತ್ ಮೊಕದ್ದಮೆಯಲ್ಲಿ ಬಂಧಿತರಾದ ಲೇಖಕರು, ವಕೀಲರು, ಪ್ರಾಧ್ಯಾಪಕರು ಮತ್ತು ಗಾಯಕರ ಪೈಕಿ ಹಲವರು ನವಿಮುಂಬಯಿಯ ತಲೋಜಾ ಕೇಂದ್ರ ಕಾರಾಗೃಹದಲ್ಲಿ ವರ್ಷಗಟ್ಟಲೆ ವಿಚಾರಣೆಗಾಗಿ ಕಾದುಕೊಂಡಿದ್ದುದು ಮತ್ತೊಂದು ಕೊನೆ. ಈ ಎರಡರ ನಡುವೆ ಹಬ್ಬಿರುವ ಪ್ರಶ್ನೆಯು ಹೊಸತೇನೂ ಅಲ್ಲ. ತನ್ನ ಸಮುದಾಯದ ಪರವಾಗಿ ಅಳುಕಿಲ್ಲದೆ ಮಾತನಾಡುವ ದಲಿತ ನಾಯಕನನ್ನು ರಾಜ್ಯಶಕ್ತಿಯು ಹೇಗೆ ಗಮನಿಸುತ್ತದೆ, ಪತ್ರಿಕೆಗಳು ಅವನನ್ನು ಹೇಗೆ ಚಿತ್ರಿಸುತ್ತವೆ, ಕಡೆಗೆ ಅವನಿಗೆ ಯಾವ ಗತಿ ಪ್ರಾಪ್ತವಾಗುತ್ತದೆ ಎಂಬುದೇ ಆ ಪ್ರಶ್ನೆ.

ಅಮೆರಿಕದಲ್ಲಿ ಇದೇ ಪ್ರಶ್ನೆಯನ್ನು ಕರಿಯ ಜನನಾಯಕರ ಸಂಬಂಧವಾಗಿ ಅರ್ಧ ಶತಮಾನಕ್ಕೂ ಮಿಗಿಲಾಗಿ ಕೇಳುತ್ತ ಬಂದಿದ್ದಾರೆ. ಅಲ್ಲಿನ ಅನುಭವವನ್ನು ಪಕ್ಕದಲ್ಲಿರಿಸಿಕೊಂಡು, ನಮ್ಮಲ್ಲಿ ಈ ವಿಷಯವಾಗಿ ಇರುವ ಮುಖ್ಯ ಅಭಿಪ್ರಾಯಗಳನ್ನೂ, ಪ್ರತಿಯೊಂದೂ ಯಾವುದನ್ನು ವಿವರಿಸಬಲ್ಲುದು, ಎಲ್ಲಿ ಸೋಲುತ್ತದೆ ಎಂಬುದನ್ನೂ ಪರಿಶೀಲಿಸುವುದು ಈ ಲೇಖನದ ಉದ್ದೇಶ.

ಪೂರ್ವೇತಿಹಾಸ: ಕಡತದಲ್ಲಿ ಬಾಬಾಸಾಹೇಬರು

ಡಾ. ಅಂಬೇಡ್ಕರರ ಸಾರ್ವಜನಿಕ ಜೀವನವು ಆರಂಭದಿಂದಲೂ ಪೊಲೀಸರ ಲೇಖನಿಗೆ ವಸ್ತುವಾಗಿತ್ತು. ಮುಂಬಯಿ ಪ್ರಾಂತದ ಸಭೆಗಳಲ್ಲಿ ಅವರು ಆಡಿದ ಮಾತುಗಳನ್ನು ಗುಪ್ತಚರ ಶಾಖೆಯವರು ಬರೆದುಕೊಂಡು ಸರಕಾರಕ್ಕೆ ಒಪ್ಪಿಸುತ್ತಿದ್ದರು. ಮಹಾರಾಷ್ಟ್ರ ಸರಕಾರದ ಶಿಕ್ಷಣ ಇಲಾಖೆಯು 1982ರಲ್ಲಿ ಅಂಬೇಡ್ಕರ್ ಮತ್ತು ಅಸ್ಪೃಶ್ಯರ ಚಳವಳಿಯನ್ನು ಕುರಿತ ಆಕರಗ್ರಂಥವನ್ನು ಪ್ರಕಟಿಸಿದಾಗ, ಅದರ ಸಾಮಗ್ರಿಯಲ್ಲಿ ಬಹುಪಾಲು ಆ ಕಾಲದ ಪತ್ರಿಕಾವರದಿಗಳಿಂದಲೂ ಸರಕಾರದ ಗುಪ್ತ ಸಾರಸಂಗ್ರಹಗಳಿಂದಲೂ ದೊರೆತುದಾಗಿತ್ತು. ಒಂದು ಕಾಲಕ್ಕೆ ಅನುಮಾನದಿಂದ ಬರೆದಿಟ್ಟದ್ದು ಇನ್ನೊಂದು ಕಾಲಕ್ಕೆ ಗೌರವದ ಗ್ರಂಥವಾಯಿತು.

ಪತ್ರಿಕೆಗಳೊಡನೆ ಅವರ ಸಂಬಂಧವೂ ಇಷ್ಟೇ ಬೋಧಪ್ರದವಾದುದು. 1920ರ ಜನವರಿ 31ರಂದು ‘ಮೂಕನಾಯಕ’ವು ಹೊರಟಾಗ, ಅದರ ಜಾಹೀರಾತನ್ನು ಹಣ ಕೊಟ್ಟರೂ ಪ್ರಕಟಿಸಲು ‘ಕೇಸರಿ’ಯು ಒಪ್ಪಲಿಲ್ಲ. ಪರರ ಪತ್ರಿಕೆಗಳಲ್ಲಿ ತಮಗೆ ಸ್ಥಾನವಿಲ್ಲವೆಂಬುದನ್ನು ಮನಗಂಡ ಅಂಬೇಡ್ಕರರು ‘ಬಹಿಷ್ಕೃತ ಭಾರತ’, ‘ಜನತಾ’, ‘ಪ್ರಬುದ್ಧ ಭಾರತ’ಗಳನ್ನು ಒಂದಾದ ಮೇಲೊಂದು ನಡೆಸಿದರು. ಅಸ್ಪೃಶ್ಯರಿಗೆ ತಮ್ಮದೆಂಬ ಪತ್ರಿಕಾಬಲವಿಲ್ಲವೆಂಬ ಕೊರಗನ್ನು 1945ರ ತಮ್ಮ ಗ್ರಂಥದಲ್ಲಿಯೂ ಅವರು ತೋಡಿಕೊಂಡಿದ್ದಾರೆ. ಕಣ್ಗಾವಲು ಮತ್ತು ಪತ್ರಿಕಾಪಕ್ಷಪಾತಗಳೆರಡೂ ಹೀಗೆ ಸ್ವಾತಂತ್ರ್ಯಪೂರ್ವದಲ್ಲಿಯೇ ಒಂದೇ ವ್ಯಕ್ತಿಯ ಜೀವನದಲ್ಲಿ ಕೂಡಿ ಬಂದಿದ್ದುವು.

1972ರಲ್ಲಿ ನಾಮದೇವ ಢಸಾಳ, ರಾಜಾ ಢಾಲೆ, ಜ. ವಿ. ಪವಾರ ಮೊದಲಾದ ತರುಣರು ಮುಂಬಯಿಯಲ್ಲಿ ದಲಿತ ಪ್ಯಾಂಥರ ಸಂಘಟನೆಯನ್ನು ಕಟ್ಟಿದಾಗ, ಅಮೆರಿಕದ ಬ್ಲ್ಯಾಕ್ ಪ್ಯಾಂಥರ ಪಕ್ಷದ ಹೆಸರನ್ನೇ ಆಯ್ದುಕೊಂಡು ಎರಡು ದೇಶಗಳ ನೋವನ್ನು ಒಂದೇ ಸಾಲಿನಲ್ಲಿ ನಿಲ್ಲಿಸಿದರು. ಅದೇ ವರ್ಷ ‘ಸಾಧನಾ’ ಪತ್ರಿಕೆಯ ಸ್ವಾತಂತ್ರ್ಯೋತ್ಸವ ಸಂಚಿಕೆಯಲ್ಲಿ ರಾಷ್ಟ್ರಧ್ವಜವನ್ನು ಪ್ರಸ್ತಾಪಿಸಿ ಢಾಲೆಯವರು ಬರೆದ ಲೇಖನವು ಮಹಾರಾಷ್ಟ್ರವನ್ನೆಲ್ಲ ಕೆರಳಿಸಿತು. ದಲಿತ ಸ್ತ್ರೀಯ ಮಾನಭಂಗಕ್ಕೂ ಧ್ವಜದ ಅವಮಾನಕ್ಕೂ ಕಾನೂನು ವಿಧಿಸುವ ದಂಡಗಳನ್ನು ಹೋಲಿಸಿ ಕೇಳಿದ ಅವರ ಪ್ರಶ್ನೆಯ ತಿರುಳಿಗಿಂತಲೂ ಅದನ್ನು ಕೇಳಿದ ಬಗೆಯೇ ಹೆಚ್ಚು ಚರ್ಚೆಯ ವಿಷಯವಾಯಿತು.

ಕನ್ನಡನಾಡಿನ ಒಂದು ನಿದರ್ಶನ

ಮರುವರ್ಷವೇ ಕರ್ನಾಟಕದಲ್ಲಿ ಇದರ ಪ್ರತಿರೂಪವು ಕಾಣಿಸಿಕೊಂಡಿತು. ದೇವರಾಜ ಅರಸರ ಸಂಪುಟದಲ್ಲಿ ಮಂತ್ರಿಯಾಗಿದ್ದ ಬಿ. ಬಸವಲಿಂಗಪ್ಪನವರು, ತಲೆಯ ಮೇಲೆ ಮಲವನ್ನು ಹೊರುವ ಪದ್ಧತಿಯನ್ನು ನಿಷೇಧಿಸಿದ ಧೀರರು. 1973ರ ನವೆಂಬರಿನಲ್ಲಿ ಮೈಸೂರಿನ ಸಭೆಯೊಂದರಲ್ಲಿ, ಕನ್ನಡ ಸಾಹಿತ್ಯದ ಬಹುಭಾಗವು ಬೂಸಾ ಎಂಬರ್ಥದ ಮಾತನ್ನು ಅವರು ಆಡಿದುದೇ ತಡ, ಪತ್ರಿಕೆಗಳಲ್ಲಿ ಕೋಲಾಹಲವೆದ್ದಿತು. ವಿದ್ಯಾರ್ಥಿಗಳು ಬೀದಿಗಿಳಿದರು, ದಲಿತ ವಿದ್ಯಾರ್ಥಿಗಳ ಮೇಲೆ ಹಲ್ಲೆಗಳಾದುವು, ಮಂತ್ರಿಗಳು ರಾಜೀನಾಮೆ ಕೊಡಬೇಕಾಯಿತು. ಇಲ್ಲಿ ಗುಪ್ತಚರರ ಕೈವಾಡವನ್ನು ಯಾರೂ ಹೇಳುವುದಿಲ್ಲ. ಒಬ್ಬ ಮಂತ್ರಿಯ ಪದಚ್ಯುತಿಗೆ ಕಡತವೂ ಬೇಕಾಗದೆ, ಮುದ್ರಿತ ಆಕ್ರೋಶವೊಂದೇ ಸಾಕಾಯಿತೆಂಬುದು ಈ ಪ್ರಕರಣದ ವೈಶಿಷ್ಟ್ಯ. ಅದರ ಪ್ರತಿಕ್ರಿಯೆಯಾಗಿಯೇ ದಲಿತ ಸಂಘರ್ಷ ಸಮಿತಿಯೂ, ‘ಪಂಚಮ’ದಂತಹ ಸ್ವಂತ ಪತ್ರಿಕೆಯೂ ರೂಪುಗೊಂಡುವೆಂಬುದು ಕನ್ನಡ ಓದುಗರಿಗೆ ವಿದಿತವಾದ ಸಂಗತಿ.

2018ರ ಅನಂತರ

2017ರ ಡಿಸೆಂಬರ್ 31ರಂದು ಪುಣೆಯ ಶನಿವಾರವಾಡೆಯ ಮುಂದೆ ಎಲ್ಗಾರ್ ಪರಿಷತ್ತೆಂಬ ಸಾರ್ವಜನಿಕ ಸಭೆಯು ನಡೆಯಿತು; ಮರುದಿನ ಭೀಮಾ ಕೋರೆಗಾಂವದಲ್ಲಿ ಹಿಂಸೆ ಭುಗಿಲೆದ್ದಿತು. ಮೊದಲ ದೂರು ಹಿಂದುತ್ವವಾದಿ ಮುಖಂಡರಾದ ಮಿಲಿಂದ ಏಕಬೋಟೆ, ಸಂಭಾಜಿ ಭಿಡೆಯವರ ಮೇಲೆ ದಾಖಲಾಗಿತ್ತು. ಆದರೆ ಜನವರಿ 8ರಂದು ದಾಖಲಾದ ಮತ್ತೊಂದು ದೂರನ್ನು ಹಿಡಿದು ತನಿಖೆಯು ಪರಿಷತ್ತಿನ ಸಂಘಟಕರ ಕಡೆಗೆ ತಿರುಗಿತು. ಜೂನ್ 6ರಂದು ‘ವಿದ್ರೋಹಿ’ ಪತ್ರಿಕೆಯ ಸಂಪಾದಕ ಸುಧೀರ ಢವಳೆ, ನಾಗಪುರದ ವಕೀಲ ಸುರೇಂದ್ರ ಗಡಲಿಂಗ್ ಮೊದಲಾದ ಐವರೂ, ಆಗಸ್ಟ್ 28ರಂದು ಥಾಣೆಯ ಅರುಣ ಫೆರೇರಾ ಸೇರಿದಂತೆ ಮತ್ತೆ ಐವರೂ ಪೊಲೀಸರ ವಶವಾದರು. ಬಾಬಾಸಾಹೇಬರ ಮೊಮ್ಮಗಳ ಪತಿಯೂ ಪ್ರಸಿದ್ಧ ಚಿಂತಕರೂ ಆದ ಆನಂದ ತೇಲ್ತುಂಬ್ಡೆಯವರು, ಮೊಕದ್ದಮೆಯು ರಾಷ್ಟ್ರೀಯ ತನಿಖಾ ಸಂಸ್ಥೆಗೆ ವರ್ಗವಾದ ಮೇಲೆ, 2020ರ ಏಪ್ರಿಲ್ 14ರಂದು, ಅಂಬೇಡ್ಕರ್ ಜಯಂತಿಯ ದಿನವೇ, ಶರಣಾಗಬೇಕಾಯಿತು.

ತಲೋಜಾದಿಂದ ಹೊರಬಂದ ಸುದ್ದಿಗಳು ಅನಂತರದ ವರ್ಷಗಳಲ್ಲಿ ದೇಶದ ಗಮನವನ್ನು ಸೆಳೆದುವು. ಬಂಧಿತರಲ್ಲೊಬ್ಬರಾದ ಗೌತಮ ನವಲಖಾ ಅವರಿಗೆ ಮನೆಯಿಂದ ಬಂದ ಕನ್ನಡಕದ ಪೊಟ್ಟಣವನ್ನು ಕಾರಾಗೃಹದವರು ಸ್ವೀಕರಿಸಲಿಲ್ಲವೆಂಬ ದೂರನ್ನು ಕೇಳಿದ ಮುಂಬಯಿ ಉಚ್ಚನ್ಯಾಯಾಲಯವು ಮಾನವೀಯತೆಯನ್ನು ನೆನಪಿಸಬೇಕಾಯಿತು. ಕಂಪವಾತದಿಂದ ಬಳಲುತ್ತಿದ್ದ ವೃದ್ಧ ಪಾದ್ರಿ ಸ್ಟ್ಯಾನ್ ಸ್ವಾಮಿಯವರು ನೀರು ಕುಡಿಯಲು ಒಂದು ಹೀರುಗೊಳವೆಗಾಗಿ ನ್ಯಾಯಾಲಯಕ್ಕೆ ಮೊರೆಯಿಟ್ಟವರು. ಜಾಮೀನು ದೊರೆಯದೆಯೇ 2021ರ ಜುಲೈ 5ರಂದು ಮುಂಬಯಿಯ ಆಸ್ಪತ್ರೆಯಲ್ಲಿ ತೀರಿಕೊಂಡರು. ತೇಲ್ತುಂಬ್ಡೆಯವರಿಗೆ 2022ರ ನವೆಂಬರಿನಲ್ಲಿ ಉಚ್ಚನ್ಯಾಯಾಲಯವು ಜಾಮೀನು ಕೊಟ್ಟಿತು. ಸರ್ವೋಚ್ಚ ನ್ಯಾಯಾಲಯವು ಅದನ್ನು ಕದಲಿಸಲಿಲ್ಲ.

ಈ ವೃತ್ತಾಂತವನ್ನು ಹೇಗೆ ಅರ್ಥೈಸಬೇಕೆಂಬಲ್ಲಿ ಪಂಡಿತರಲ್ಲಿಯೂ ಸಾಮಾನ್ಯರಲ್ಲಿಯೂ ಐದು ಪಕ್ಷಗಳನ್ನು ಗುರುತಿಸಬಹುದು.

ಮೊದಲನೆಯ ಪಕ್ಷ: ರಾಷ್ಟ್ರರಕ್ಷಣೆ

ರಾಜ್ಯವು ವ್ಯಕ್ತಿಯ ಜಾತಿಯನ್ನು ನೋಡುವುದಿಲ್ಲ, ಕೃತ್ಯವನ್ನು ನೋಡುತ್ತದೆ ಎಂಬುದು ಈ ಪಕ್ಷದ ವಾದ. ನಿಷಿದ್ಧ ಮಾವೋವಾದಿ ಪಕ್ಷವು ನಗರಗಳಲ್ಲಿ ಬೆಂಬಲವನ್ನು ಬೆಳೆಸಿಕೊಳ್ಳುತ್ತಿದೆ, ದಲಿತರ ಅಸಂತೋಷವನ್ನು ತನ್ನ ಉದ್ದೇಶಕ್ಕೆ ಬಳಸಿಕೊಳ್ಳುತ್ತಿದೆ ಎಂಬುದು ತನಿಖಾ ಸಂಸ್ಥೆಯ ಆಪಾದನೆ. ಬಂಧಿತರಲ್ಲಿ ದಲಿತರಲ್ಲದವರೇ ಬಹುಮಂದಿ ಇರುವುದನ್ನೂ, ರಾಜ್ಯದಲ್ಲಿ ಹಿಂಸಾತ್ಮಕ ನಕ್ಸಲ್ ಚಟುವಟಿಕೆಯು ವಾಸ್ತವವೆಂಬುದನ್ನೂ ಈ ಪಕ್ಷದವರು ಎತ್ತಿ ತೋರಿಸುತ್ತಾರೆ. ಇವೆರಡನ್ನೂ ಅಲ್ಲಗಳೆಯಲಾಗದು. ಆದರೆ 1967ರ ಕಾನೂನುಬಾಹಿರ ಚಟುವಟಿಕೆಗಳ ತಡೆ ಕಾಯಿದೆಗೆ 2008ರಲ್ಲಿ ಸೇರಿದ 43ಡಿ(5) ಕಲಮಿನಿಂದಾಗಿ, ಆಪಾದನೆಯು ಮೇಲ್ನೋಟಕ್ಕೆ ನಿಜವೆಂದು ಕಂಡರೆ ಸಾಕು, ಜಾಮೀನು ನಿರಾಕೃತವಾಗುತ್ತದೆ. ಹೀಗಾಗಿ ರಾಷ್ಟ್ರರಕ್ಷಣೆಯ ವಾದವನ್ನು ಪರೀಕ್ಷಿಸಬೇಕಾದ ವಿಚಾರಣೆಯು ಬರುವ ಮೊದಲೇ ದಂಡನೆಯು ಬಂದಿರುತ್ತದೆ. ಇದೇ ಢವಳೆಯವರು 2011ರಲ್ಲಿ ಇಂಥದೇ ಆಪಾದನೆಯ ಮೇಲೆ ಬಂಧಿತರಾಗಿ, ಮೂರು ವರ್ಷಗಳಿಗೂ ಮಿಗಿಲಾಗಿ ಸೆರೆಯಲ್ಲಿದ್ದು, 2014ರಲ್ಲಿ ನಿರ್ದೋಷಿಯೆಂದು ಬಿಡುಗಡೆಯಾದವರೆಂಬುದಕ್ಕೆ ಈ ಪಕ್ಷದಲ್ಲಿ ಸಮರ್ಪಕವಾದ ಉತ್ತರವು ಕಾಣದು.

ಎರಡನೆಯ ಪಕ್ಷ: ಉದ್ದೇಶಪೂರ್ವಕ ದಮನ

ನಿರ್ಭೀತವಾಗಿ ಮಾತನಾಡುವವರನ್ನು ಆರಿಸಿಯೇ ಹಿಡಿಯುತ್ತಾರೆ ಎಂಬುದು ಎರಡನೆಯ ವಾದ. ಇದಕ್ಕೆ ಅಮೆರಿಕದ ಚರಿತ್ರೆಯು ಬಲವಾದ ಸಾಕ್ಷ್ಯವನ್ನು ಒದಗಿಸುತ್ತದೆ. ಅಲ್ಲಿನ ಎಫ್.ಬಿ.ಐ. ಸಂಸ್ಥೆಯು 1956ರಿಂದ 1971ರವರೆಗೆ ‘ಕೊಯಿಂಟೆಲ್‌ಪ್ರೊ’ ಎಂಬ ಗುಪ್ತ ಕಾರ್ಯಕ್ರಮವನ್ನು ನಡೆಸಿ, ಮಾರ್ಟಿನ್ ಲೂಥರ್ ಕಿಂಗರ ದೂರವಾಣಿಯನ್ನು ಆಲಿಸಿತು. ಅವರನ್ನು ಆತ್ಮಹತ್ಯೆಗೆ ಪ್ರೇರಿಸುವಂತಹ ಅನಾಮಧೇಯ ಪತ್ರವನ್ನೂ ಕಳುಹಿಸಿತು. 1969ರ ಡಿಸೆಂಬರ್ 4ರಂದು ಶಿಕಾಗೋ ಪೊಲೀಸರು ಬ್ಲ್ಯಾಕ್ ಪ್ಯಾಂಥರ ನಾಯಕ ಫ್ರೆಡ್ ಹ್ಯಾಂಪ್ಟನ್ನನನ್ನು ಅವನ ಮನೆಯಲ್ಲಿಯೇ ಕೊಂದಾಗ, ಆ ಮನೆಯ ನಕ್ಷೆಯು ಎಫ್.ಬಿ.ಐ.ಯ ಮಾಹಿತಿದಾರನಿಂದ ಬಂದುದಾಗಿತ್ತು. 1971ರಲ್ಲಿ ಪೆನ್ಸಿಲ್ವೇನಿಯಾದ ಕಚೇರಿಯೊಂದರಿಂದ ಕಾರ್ಯಕರ್ತರು ಕಡತಗಳನ್ನು ಕದ್ದು ಬಯಲಿಗಿಟ್ಟ ಮೇಲೆಯೇ ಇವೆಲ್ಲ ಜನರಿಗೆ ಗೊತ್ತಾದುದು.

ನಮ್ಮಲ್ಲಿ ಈ ಪಕ್ಷದವರು ಆಧಾರವಾಗಿ ಹಿಡಿಯುವ ಸಂಗತಿಗಳು ಎರಡು. 2019ರ ಅಕ್ಟೋಬರಿನಲ್ಲಿ ಪೆಗಾಸಸ್ ಎಂಬ ಗೂಢಚರ್ಯೆಯ ತಂತ್ರಾಂಶದ ಗುರಿಯಾದವರಿಗೆ ಎಚ್ಚರಿಕೆಗಳು ಬಂದಾಗ, ತೇಲ್ತುಂಬ್ಡೆಯವರೂ ಅವರಲ್ಲೊಬ್ಬರಾಗಿದ್ದರು. 2021ರ ಫೆಬ್ರುವರಿಯಲ್ಲಿ ಅಮೆರಿಕದ ಆರ್ಸೆನಲ್ ಕನ್ಸಲ್ಟಿಂಗ್ ಎಂಬ ಸಂಸ್ಥೆಯು, ಆರೋಪಿ ರೋನಾ ವಿಲ್ಸನ್ನರ ಗಣಕಯಂತ್ರದೊಳಕ್ಕೆ ಹೊರಗಿನವರು ನುಸುಳಿ ಪತ್ರಗಳನ್ನು ಇರಿಸಿದ್ದಾರೆಂದು ವರದಿ ಕೊಟ್ಟಿತು. ತನಿಖಾ ಸಂಸ್ಥೆಯು ಈ ವರದಿಯನ್ನು ಒಪ್ಪಿಲ್ಲ. ಇರಿಸಿದವರು ಯಾರೆಂಬುದನ್ನು ವರದಿಯೂ ಹೇಳುವುದಿಲ್ಲ. ಅಮೆರಿಕದಲ್ಲಿ ಉದ್ದೇಶವು ಲಿಖಿತ ಆಜ್ಞೆಗಳಿಂದ ಸಿದ್ಧವಾಯಿತು. ನಮ್ಮಲ್ಲಿ ಅದು ಇನ್ನೂ ಊಹೆಯ ಹಂತದಲ್ಲಿದೆ ಎಂಬುದು ಈ ಪಕ್ಷದ ಕೊರತೆ.

ಮೂರನೆಯ ಪಕ್ಷ: ಸುದ್ದಿಮನೆಯ ರಚನೆ

ಯಾರ ದುರುದ್ದೇಶವನ್ನೂ ಕಲ್ಪಿಸದೆ, ಪತ್ರಿಕೋದ್ಯಮದ ರಚನೆಯಲ್ಲಿಯೇ ಕಾರಣವನ್ನು ಹುಡುಕುವುದು ಮೂರನೆಯ ಮಾರ್ಗ. 2006ರಲ್ಲಿ ಯೋಗೇಂದ್ರ ಯಾದವ್, ಅನಿಲ್ ಚಮಡಿಯಾ, ಜಿತೇಂದ್ರ ಕುಮಾರ್ ಅವರು ದಿಲ್ಲಿಯ 37 ಮಾಧ್ಯಮ ಸಂಸ್ಥೆಗಳ 315 ಮಂದಿ ನಿರ್ಣಾಯಕ ಸ್ಥಾನಿಗಳನ್ನು ಪರಿಶೀಲಿಸಿದಾಗ ಅವರಲ್ಲಿ ಒಬ್ಬ ದಲಿತನೂ ಒಬ್ಬ ಆದಿವಾಸಿಯೂ ಕಾಣಲಿಲ್ಲ. ಹದಿಮೂರು ವರ್ಷಗಳ ತರುವಾಯ ಆಕ್ಸ್‌ಫಾಮ್ ಮತ್ತು ನ್ಯೂಸ್‌ಲಾಂಡ್ರಿ ನಡೆಸಿದ ಅಧ್ಯಯನದಲ್ಲಿ 121 ನಾಯಕಸ್ಥಾನಗಳ ಪೈಕಿ 106 ಮೇಲ್ಜಾತಿಗಳವರದಾಗಿದ್ದುವು. ಅಮೆರಿಕದಲ್ಲಿಯೂ 1968ರ ಕರ್ನರ್ ಆಯೋಗವು, ಪತ್ರಿಕೆಗಳು ಜಗತ್ತನ್ನು ಬಿಳಿಯರ ಕಣ್ಣಿನಿಂದಲೇ ನೋಡುತ್ತಿವೆಯೆಂದು ಆಕ್ಷೇಪಿಸಿತ್ತು.

ಈ ರಚನೆಯ ಫಲವನ್ನು ನಮ್ಮ ನೆರೆಯ ಉಲ್ಹಾಸ್‌ನಗರವು ಕಂಡಿದೆ. 2006ರ ಸೆಪ್ಟೆಂಬರ್ 29ರಂದು ಭಂಡಾರಾ ಜಿಲ್ಲೆಯ ಖೈರ್ಲಾಂಜಿಯಲ್ಲಿ ಒಂದು ದಲಿತ ಕುಟುಂಬದ ನಾಲ್ವರ ಹತ್ಯೆಯಾದಾಗ, ಹಲವು ವಾರಗಳ ಕಾಲ ದೊಡ್ಡ ಪತ್ರಿಕೆಗಳಿಗೆ ಅದು ಸುದ್ದಿಯೇ ಆಗಲಿಲ್ಲ. ಪ್ರತಿಭಟನೆಗಳು ಆರಂಭವಾದಾಗ ರಾಜ್ಯದ ಗೃಹಮಂತ್ರಿ ಆರ್. ಆರ್. ಪಾಟೀಲರು ಅವುಗಳ ಹಿಂದೆ ನಕ್ಸಲರ ಕೈಯನ್ನು ಶಂಕಿಸಿದರು. ಕಾನಪುರದಲ್ಲಿ ಅಂಬೇಡ್ಕರ್ ಪ್ರತಿಮೆಗೆ ಅಪಚಾರವಾದ ಸುದ್ದಿ ಬಂದು, ನವೆಂಬರ್ 30ರಂದು ಉಲ್ಹಾಸ್‌ನಗರದ ಬಳಿ ಡೆಕ್ಕನ್ ಕ್ವೀನ್ ಗಾಡಿಯ ಡಬ್ಬಿಗಳಿಗೆ ಬೆಂಕಿ ಬಿದ್ದೊಡನೆಯೇ, ದೇಶದ ಪತ್ರಿಕೆಗಳೆಲ್ಲ ಎಚ್ಚೆತ್ತುವು. ಕೊಲೆಯು ಕಾಣದವರಿಗೆ ಉರಿಯುವ ಗಾಡಿಯು ಕಂಡಿತು.

ಪೊಲೀಸರು ಕೊಟ್ಟುದನ್ನೇ ಪ್ರಮಾಣವೆಂದು ಹಂಚುವ ಅಭ್ಯಾಸವೂ ಈ ರಚನೆಯ ಅಂಗವೇ. 2018ರ ಆಗಸ್ಟ್ 31ರಂದು, ಕೆಲವೇ ವಾರಗಳ ಹಿಂದೆ ಥಾಣೆಯ ಪೊಲೀಸ್ ಆಯುಕ್ತರಾಗಿದ್ದ ಪರಮಬೀರ ಸಿಂಗರು ಪತ್ರಿಕಾಗೋಷ್ಠಿಯನ್ನು ಕರೆದು ಆರೋಪಿಗಳದೆಂದು ಹೇಳಲಾದ ಪತ್ರಗಳನ್ನು ಓದಿದರು. ವಿಷಯವು ನ್ಯಾಯಾಲಯದ ಮುಂದಿರುವಾಗ ಇದು ಹೇಗೆ ಸಾಧ್ಯವೆಂದು ಮುಂಬಯಿ ಉಚ್ಚನ್ಯಾಯಾಲಯವು ಪ್ರಶ್ನಿಸಿತು. ಸೆಪ್ಟೆಂಬರ್ 28ರಂದು ಸರ್ವೋಚ್ಚ ನ್ಯಾಯಾಲಯದ ಬಹುಮತವು ವಿಶೇಷ ತನಿಖಾ ತಂಡದ ಬೇಡಿಕೆಯನ್ನು ತಳ್ಳಿಹಾಕಿತಾದರೂ, ನ್ಯಾಯಮೂರ್ತಿ ಚಂದ್ರಚೂಡರು ತಮ್ಮ ಭಿನ್ನಮತದಲ್ಲಿ, ಮಾಧ್ಯಮಗಳ ಮೂಲಕ ಲೋಕಾಭಿಪ್ರಾಯವನ್ನು ರೂಪಿಸುವ ಪೊಲೀಸರ ನಡೆಯನ್ನು ಖಂಡಿಸಿದರು. ಹ್ಯಾಂಪ್ಟನ್ನನ ಹತ್ಯೆಯ ತರುವಾಯ ‘ಶಿಕಾಗೋ ಟ್ರಿಬ್ಯೂನ್’ ಪತ್ರಿಕೆಯು ಪ್ಯಾಂಥರರ ಗುಂಡಿನ ತೂತುಗಳೆಂದು ಅಚ್ಚುಹಾಕಿದ ಚಿತ್ರಗಳು ಕೇವಲ ಮೊಳೆಗಳ ತಲೆಗಳೆಂದು ಬೇರೊಂದು ಪತ್ರಿಕೆಯು ತೋರಿಸಿಕೊಟ್ಟುದನ್ನು ಇಲ್ಲಿ ನೆನೆಯಬಹುದು: ಪತ್ರಿಕೆಯು ಮಾಡಿದ ಅನರ್ಥವನ್ನು ಪತ್ರಿಕೆಯೇ ತಿದ್ದಬಲ್ಲುದು, ಆದರೆ ಅದಕ್ಕೆ ಗೋಡೆಯ ಬಳಿಗೆ ಹೋಗಿ ನೋಡುವವನೊಬ್ಬನಿರಬೇಕು.

ನಾಲ್ಕನೆಯ ಪಕ್ಷ: ಅಧಿಕಾರದ ಸಾಮಾನ್ಯ ಸ್ವಭಾವ

ಕದ್ದಾಲಿಕೆಯು ಎಲ್ಲ ಆಳುವವರ ಚಟ, ಅದಕ್ಕೆ ಜಾತಿಯಿಲ್ಲ ಎಂದು ನಾಲ್ಕನೆಯವರು ಹೇಳುತ್ತಾರೆ. 1988ರಲ್ಲಿ ದೂರವಾಣಿ ಕದ್ದಾಲಿಕೆಯ ಆಪಾದನೆಯ ಮೇಲೆ ರಾಮಕೃಷ್ಣ ಹೆಗಡೆಯವರು ಮುಖ್ಯಮಂತ್ರಿಪದವನ್ನು ತ್ಯಜಿಸಿದರು. ಮಹಾರಾಷ್ಟ್ರದಲ್ಲಿ ನಾನಾ ಪಟೋಲೆ, ಸಂಜಯ ರಾವುತ, ಏಕನಾಥ ಖಡಸೆ ಮೊದಲಾದ ಬೇರೆಬೇರೆ ಪಕ್ಷಗಳ ರಾಜಕಾರಣಿಗಳ ಮಾತನ್ನು ಪೊಲೀಸರು ಆಲಿಸಿದರೆಂಬ ದೂರುಗಳು 2022ರಲ್ಲಿ ದಾಖಲಾಗಿ, ಮರುವರ್ಷ ಉಚ್ಚನ್ಯಾಯಾಲಯದಲ್ಲಿ ರದ್ದಾದುವು. 2021ರಲ್ಲಿ ಪ್ರಕಟವಾದ ಪೆಗಾಸಸ್ ಪಟ್ಟಿಯಲ್ಲಿ 2019ರಲ್ಲಿ ಕರ್ನಾಟಕದ ಉಪಮುಖ್ಯಮಂತ್ರಿಯಾಗಿದ್ದ ಜಿ. ಪರಮೇಶ್ವರ ಅವರ ಸಂಖ್ಯೆಯೂ, ಕುಮಾರಸ್ವಾಮಿ ಮತ್ತು ಸಿದ್ದರಾಮಯ್ಯನವರ ಆಪ್ತಕಾರ್ಯದರ್ಶಿಗಳ ಸಂಖ್ಯೆಗಳೂ ಇದ್ದುವು. ಪಟ್ಟಿಯಲ್ಲಿರುವುದರಿಂದಲೇ ಫೋನು ಸೋಂಕಿತವೆಂದು ಸಿದ್ಧವಾಗದು. ಪರಮೇಶ್ವರರು ದಲಿತರೆಂಬುದಕ್ಕಿಂತಲೂ ಅಲ್ಲಾಡುತ್ತಿದ್ದ ಸರಕಾರವೊಂದರ ಸ್ತಂಭವೆಂಬುದೇ ಅಲ್ಲಿ ಮುಖ್ಯವಾಗಿರಬಹುದು. ಕಣ್ಗಾವಲು ರಾಜ್ಯದ ಕೈಯಿಂದಲೂ ಜಾರಬಲ್ಲುದು: 2018ರ ಆರಂಭದಲ್ಲಿ ಥಾಣೆಯ ಪೊಲೀಸರು, ಜನರ ಫೋನ್ ಕರೆಗಳ ದಾಖಲೆಗಳನ್ನು ಅಕ್ರಮವಾಗಿ ಮಾರುತ್ತಿದ್ದ ಖಾಸಗಿ ಪತ್ತೇದಾರರ ಜಾಲವನ್ನು ಹಿಡಿದರು.

ಈ ಪಕ್ಷವು ಕಣ್ಗಾವಲಿನ ವ್ಯಾಪ್ತಿಯನ್ನು ಚೆನ್ನಾಗಿ ವಿವರಿಸುತ್ತದೆ. ಪರಿಣಾಮದ ಅಸಮಾನತೆಯನ್ನು ಮಾತ್ರ ವಿವರಿಸುವುದಿಲ್ಲ. ಕದ್ದಾಲಿಕೆಗೊಳಗಾದ ಮಂತ್ರಿಗೆ ಪಕ್ಷವಿದೆ, ವಕೀಲರಿದ್ದಾರೆ, ಮರುದಿನದ ಮುಖಪುಟವಿದೆ. ‘ವಿದ್ರೋಹಿ’ಯಂತಹ ಸಣ್ಣ ಪತ್ರಿಕೆಯ ಸಂಪಾದಕನಿಗೆ ಅವು ಇಲ್ಲ.

ಐದನೆಯ ಪಕ್ಷ: ಒಳಗೊಂಡು ಮೌನಗೊಳಿಸುವುದು

ಹೆಚ್ಚಿನ ದಲಿತ ರಾಜಕಾರಣಿಗಳನ್ನು ಹೆದರಿಸುವ ಅಗತ್ಯವೇ ಬೀಳುವುದಿಲ್ಲ, ಅವರನ್ನು ಒಳಕ್ಕೆ ಕರೆದುಕೊಂಡರೆ ಸಾಕು ಎಂಬುದು ಕೊನೆಯ ವಾದ. 1932ರ ಪುಣೆ ಒಪ್ಪಂದದಿಂದ ಬಂದ ಸಂಯುಕ್ತ ಮತಕ್ಷೇತ್ರದಲ್ಲಿ ಇತರರ ಮತಗಳಿಂದಲೇ ಗೆಲ್ಲಬೇಕಾದ ಪ್ರತಿನಿಧಿಯು ಇತರರ ಮಾತನ್ನೇ ಆಡುತ್ತಾನೆಂದು ಕಾನ್ಶಿರಾಮರು 1982ರ ‘ಚಮಚಾ ಯುಗ’ದಲ್ಲಿ ವಾದಿಸಿದರು. ಅಂಬೇಡ್ಕರರ ಅನುಯಾಯಿಗಳ ಭಾರತೀಯ ರಿಪಬ್ಲಿಕನ್ ಪಕ್ಷವು ಹೋಳುಹೋಳಾಗಿ, ಒಂದೊಂದು ಬಣವೂ ಒಂದೊಂದು ದೊಡ್ಡ ಪಕ್ಷದ ನೆರಳಿಗೆ ಸರಿದುದನ್ನು ಕಲ್ಯಾಣ, ಉಲ್ಹಾಸ್‌ನಗರ, ಥಾಣೆಗಳ ಮತದಾರರು ಬಲ್ಲರು. ಆದರೆ ಮೈತ್ರಿಯಿಂದ ಸಮುದಾಯಕ್ಕೆ ದೊರೆತ ವಾಸ್ತವ ಲಾಭಗಳನ್ನು ಈ ವಾದವು ಲೆಕ್ಕಕ್ಕೆ ತೆಗೆದುಕೊಳ್ಳದೆ, ಸಂಧಾನವನ್ನೆಲ್ಲ ಶರಣಾಗತಿಯೆಂದು ಕಾಣುತ್ತದೆ.

ತೂಗಿ ನೋಡಿದಾಗ

ಐದು ಪಕ್ಷಗಳಲ್ಲಿ ಯಾವುದೊಂದೂ ಪೂರ್ಣಸತ್ಯವಲ್ಲವೆಂದು ಹೇಳಿ ಕೈತೊಳೆದುಕೊಳ್ಳುವುದು ಸುಲಭ. ಉದ್ದೇಶವು ಏನೇ ಇರಲಿ, ಕಾರ್ಯಸರಣಿಯು ಸ್ಪಷ್ಟವಾಗಿದೆಯೆಂಬುದು ಈ ಲೇಖಕನ ಅಭಿಪ್ರಾಯ. ಗುಪ್ತವಾಗಿ ಸಿದ್ಧವಾದ ಕಡತವು ನ್ಯಾಯಾಲಯದಲ್ಲಿ ಪರೀಕ್ಷೆಗೆ ಒಳಗಾಗುವ ಮೊದಲೇ ಪತ್ರಿಕೆಯಲ್ಲಿ ಸತ್ಯವಾಗುತ್ತದೆ. ಪತ್ರಿಕೆಯಲ್ಲಿ ಸತ್ಯವಾದುದು ಸೆರೆಮನೆಯ ಅವಧಿಯನ್ನು ಸಹ್ಯವೆನಿಸುವಂತೆ ಮಾಡುತ್ತದೆ. ಸುದ್ದಿಮನೆಯಲ್ಲಿ ತಮ್ಮವರಿಲ್ಲದ ಸಮುದಾಯಗಳೇ ಈ ಸರಣಿಗೆ ಅತ್ಯಧಿಕ ಬೆಲೆಯನ್ನು ತೆರುತ್ತವೆ. ಆಪಾದನೆಯಲ್ಲಿ ಹುರುಳಿರುವುದೂ, ಅನ್ಯಾಯದ ವರ್ತನೆಯೂ ಏಕಕಾಲದಲ್ಲಿ ಇರಬಲ್ಲುವು. ಅಮೆರಿಕದ ಕರಿಯ ಕಾಂಗ್ರೆಸ್ ಸದಸ್ಯ ಆಡಮ್ ಕ್ಲೇಟನ್ ಪೊವೆಲ್ಲರ ಮೇಲಣ ಹಣದುರ್ಬಳಕೆಯ ಆಪಾದನೆಯು ನಿರಾಧಾರವಾಗಿರಲಿಲ್ಲ. ಆದರೂ 1967ರಲ್ಲಿ ಅವರನ್ನು ಸದನದಿಂದ ಹೊರಗಿಟ್ಟುದು ಅಧಿಕಾರಬಾಹಿರವೆಂದು ಅಲ್ಲಿನ ಸರ್ವೋಚ್ಚ ನ್ಯಾಯಾಲಯವು 1969ರಲ್ಲಿ ತೀರ್ಪಿತ್ತಿತು.

ಇತ್ಯರ್ಥವಾಗದೆ ಉಳಿದವು

ಮೊದಲನೆಯದು, ನೋಡುವವರನ್ನು ನೋಡುವವರು ಯಾರೆಂಬುದು. ಅಮೆರಿಕದಲ್ಲಿ 1975–76ರಲ್ಲಿ ಸೆನೆಟ್ಟಿನ ಚರ್ಚ್ ಸಮಿತಿಯು ನಡೆಸಿದ ತನಿಖೆಯ ತರುವಾಯ ಗುಪ್ತಚರರ ಮೇಲೆ ಶಾಸನಸಭೆಯ ನಿಗಾ ಬಂದಿತು. ನಮ್ಮಲ್ಲಿ ಸರ್ವೋಚ್ಚ ನ್ಯಾಯಾಲಯವು 1996ರಲ್ಲಿ ಕದ್ದಾಲಿಕೆಗೆ ನಿಯಮಗಳನ್ನು ಹಾಕಿಕೊಟ್ಟಿತಾದರೂ, ಅಪ್ಪಣೆ ಕೊಡುವವರೂ ಅದನ್ನು ಪುನರ್ವಿಮರ್ಶಿಸುವವರೂ ಸರಕಾರದ ಕಾರ್ಯದರ್ಶಿಗಳೇ ಆಗಿದ್ದಾರೆ. 1887ರಿಂದ ನಡೆದು ಬಂದಿರುವ ಗುಪ್ತಚರ ದಳಕ್ಕೆ ಶಾಸನದ ಆಧಾರವೆಲ್ಲಿ ಎಂದು ಅದರ ನಿವೃತ್ತ ಅಧಿಕಾರಿ ಆರ್. ಎನ್. ಕುಲಕರ್ಣಿಯವರೇ ಕರ್ನಾಟಕ ಉಚ್ಚನ್ಯಾಯಾಲಯದಲ್ಲಿ ಕೇಳಿದ್ದರು. ಕರ್ನಾಟಕದ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರ ಹೆಸರಿನ ಮೊಕದ್ದಮೆಯಲ್ಲಿ 2017ರಲ್ಲಿ ಖಾಸಗಿತನವು ಮೂಲಭೂತ ಹಕ್ಕೆಂದು ಘೋಷಿತವಾಯಿತು. ಆ ಘೋಷಣೆಯನ್ನು ಗುಪ್ತಚರ ಕಾರ್ಯಕ್ಕೆ ಅನ್ವಯಿಸುವ ಬಗೆಯು ನಿರ್ಣಯವಾಗಿಲ್ಲ.

ಎರಡನೆಯದು, ಪೆಗಾಸಸ್. ನ್ಯಾಯಮೂರ್ತಿ ಆರ್. ವಿ. ರವೀಂದ್ರನ್ನರ ಮೇಲ್ವಿಚಾರಣೆಯ ಸಮಿತಿಯು ಪರೀಕ್ಷಿಸಿದ 29 ಫೋನುಗಳಲ್ಲಿ 5ರಲ್ಲಿ ಯಾವುದೋ ದುಷ್ಟ ತಂತ್ರಾಂಶವು ಕಂಡುಬಂದಿತು. ಅದು ಪೆಗಾಸಸ್ಸೇ ಎಂಬುದು ನಿಶ್ಚಯವಾಗಲಿಲ್ಲ. ಸರಕಾರವು ಸಹಕರಿಸಲಿಲ್ಲವೆಂದು 2022ರ ಆಗಸ್ಟಿನಲ್ಲಿ ನ್ಯಾಯಾಲಯದಲ್ಲಿಯೇ ಪ್ರಕಟವಾಯಿತು. ಮೂರನೆಯದು, ಸುದ್ದಿಮನೆಗಳ ಬಾಗಿಲು ತೆರೆದರೆ ಸುದ್ದಿಯ ದೃಷ್ಟಿಯೂ ಬದಲಾಗುವುದೆ, ಇಲ್ಲವೆ ಪೊಲೀಸ್ ಮೂಲಗಳ ಮೇಲಣ ಅವಲಂಬನೆಯು ಎಲ್ಲರನ್ನೂ ಒಂದೇ ಅಚ್ಚಿಗೆ ಹೊಯ್ಯುವುದೆ ಎಂಬುದು. ಬಾಗಿಲು ತೆರೆಯುವವರೆಗೆ ಇದಕ್ಕೆ ಉತ್ತರವು ದೊರಕದು.

ನಾಲ್ಕನೆಯದು, ಮೂಲ ಆಪಾದನೆಯ ಸತ್ಯಾಸತ್ಯತೆ. 2025ರ ಜನವರಿ 8ರಂದು ಮುಂಬಯಿ ಉಚ್ಚನ್ಯಾಯಾಲಯವು ಸುಧೀರ ಢವಳೆ ಮತ್ತು ರೋನಾ ವಿಲ್ಸನ್ನರಿಗೆ ಜಾಮೀನು ಕೊಟ್ಟಾಗ, ಅವರ ಬಂಧನವಾಗಿ ಆರೂವರೆ ವರ್ಷಗಳು ಕಳೆದಿದ್ದುವು. ಸಾಕ್ಷಿಗಳ ಸಂಖ್ಯೆ ಮುನ್ನೂರನ್ನು ಮೀರಿತ್ತು. ಆರೋಪಗಳು ಆ ದಿನದವರೆಗೂ ನಿಗದಿಯಾಗಿರಲಿಲ್ಲ.